ಷರಾ ಕಾಲಂನಲ್ಲಿ ಬರೆದಿದ್ದ ಮಗುವಿನ ವಯಸ್ಸು

ಕೆಲವು ವರ್ಷಗಳ ಹಿಂದೆ ಒಂದು ಇಂಟರ್‌ವ್ಯೂನಲ್ಲಿ ಪ್ರಶ್ನೆ ಕೇಳುವ ಮೂವರಲ್ಲಿ ನಾನೂ ಒಬ್ಬಳಾಗಿದ್ದೆ. ಇದ್ದದ್ದು ಒಂದು ಹುದ್ದೆ, ಬಂದವರು ಐದು ಮಂದಿ. ಒಬ್ಬೊಬ್ಬರಿಗೂ ಒಂದೊಂದು ಹಾಳೆ. ಅನುಭವಕ್ಕೆ ಇಷ್ಟು ಅಂಕ, ವಿಷಯ ಗೊತ್ತಿರುವುದಕ್ಕೆ ಇಷ್ಟು, ಮಾತಿಗೆ ಇಷ್ಟು, ಕೊನೆಯಲ್ಲಿ 'ಷರಾ' ಅಂತ ಒಂದು ಖಾಲಿ ಕಾಲಂ. ಮೂರನೆಯವರಾಗಿ ಬಂದಾಕೆ ಚೆನ್ನಾಗಿ ಉತ್ತರ ಕೊಟ್ಟರು. ಹಿಂದಿನ ಕೆಲಸದಲ್ಲಿ ಏನು ಮಾಡಿದ್ದರು, ಎಲ್ಲಿ ತಪ್ಪಿತ್ತು, ಹೇಗೆ ಸರಿಮಾಡಿದರು, ಎಲ್ಲವನ್ನೂ ಸುತ್ತು ಬಳಸದೆ ಹೇಳಿದರು. ಆಮೇಲೆ ನನ್ನ ಪಕ್ಕದಲ್ಲಿದ್ದವರು ಕೇಳಿದರು, "ಮಕ್ಕಳಿದ್ದಾರಾ?"

"ಒಂದು ಮಗು ಸರ್. ಎರಡು ವರ್ಷ."

"ಯಾರು ನೋಡ್ಕೋತಾರೆ?"

ಆಕೆ ಅದಕ್ಕೂ ಉತ್ತರ ಕೊಟ್ಟರು, ಆದರೆ ಅಲ್ಲಿವರೆಗೆ ಇದ್ದ ಧೈರ್ಯ ಆ ಧ್ವನಿಯಲ್ಲಿ ಇರಲಿಲ್ಲ. ನಾಲ್ಕನೆಯವರು ಗಂಡಸು. ಯಾರೂ ಕೇಳದೆ ತಾವಾಗಿಯೇ "ಮಗನಿಗೆ ಒಂದೂವರೆ ವರ್ಷ ಆಯ್ತು, ಹಾಗಾಗಿ ಈ ಕೆಲಸ ನನಗೆ ತುಂಬಾ ಮುಖ್ಯ" ಅಂದರು. ನಾವು ಮೂವರೂ ಸಂತೋಷದಿಂದ ನಕ್ಕೆವು. ಯಾರು ನೋಡ್ಕೋತಾರೆ ಅಂತ ಅವರನ್ನು ಯಾರೂ ಕೇಳಲಿಲ್ಲ.

ಸಂಜೆ ಹಾಳೆಗಳನ್ನು ಒಟ್ಟು ಮಾಡುವಾಗ ನೋಡಿದೆ. ಆಕೆಯ ಹಾಳೆಯ ಷರಾ ಕಾಲಂನಲ್ಲಿ ಚಿಕ್ಕ ಅಕ್ಷರದಲ್ಲಿ 'ಮಗು – 2 ವರ್ಷ' ಅಂತ ಬರೆದು ಕೆಳಗೆ ಒಂದು ಗೆರೆ ಎಳೆದಿತ್ತು. ಆತನ ಹಾಳೆಯಲ್ಲಿ ಆ ಕಾಲಂ ಖಾಲಿ. ಇಬ್ಬರ ಅಂಕ ಹೆಚ್ಚುಕಡಿಮೆ ಒಂದೇ. ಕೆಲಸ ಆತನಿಗೆ ಹೋಯಿತು. ನಾನು ಆ ದಿನ ಬಾಯಿ ಬಿಡಲಿಲ್ಲ, ಅದು ಈಗಲೂ ಚುಚ್ಚುತ್ತದೆ.

ಈಗ ಆಕೆಯ ಕಡೆಯಿಂದ ಯೋಚಿಸಿ. ಆಕೆಗೆ ಬಂದದ್ದು ಎರಡು ಸಾಲಿನ ಒಂದು ಮೇಲ್. ಬೇರೆಯವರನ್ನು ಆರಿಸಿದ್ದೇವೆ, ನಿಮಗೆ ಶುಭವಾಗಲಿ. ಷರಾ ಕಾಲಂ ಆಕೆ ನೋಡಿಲ್ಲ, ಮುಂದೆಯೂ ನೋಡುವುದಿಲ್ಲ. ಮಗುವಿನ ಕಾರಣಕ್ಕೆ ಹೀಗಾಯಿತಾ ಅಂತ ಅನುಮಾನ ಬಂದರೂ ಕೇಳುವುದು ಯಾರನ್ನು? ಕೇಳಿದರೂ "ಅಂಥದ್ದೇನಿಲ್ಲ, ಇನ್ನೊಬ್ಬರಿಗೆ ಅನುಭವ ಸ್ವಲ್ಪ ಜಾಸ್ತಿ ಇತ್ತು" ಅಂದರೆ ಮುಗಿಯಿತು. ಹೇಳಿದವರು ಸುಳ್ಳು ಹೇಳುತ್ತಿದ್ದಾರೆ ಅಂತಲೂ ಅಲ್ಲ. ಎಷ್ಟೋ ಸಲ ಅವರೇ ಅದನ್ನು ನಂಬಿರುತ್ತಾರೆ. ಚಿಕ್ಕ ಮಕ್ಕಳ ತಾಯಂದಿರನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ಆಗುವ ತಾರತಮ್ಯ ಇಷ್ಟು ಕಾಲ ಬರೀ 'ಅನುಮಾನ'ವಾಗಿಯೇ ಉಳಿಯಲು ಇದೇ ಕಾರಣ. ಒಬ್ಬರ ಅನುಭವ ಹಿಡಿದು ನೋಡಿದರೆ ಅದು ಕಾಣುವುದಿಲ್ಲ. ಇಬ್ಬರನ್ನು ಪಕ್ಕಪಕ್ಕ ಇಟ್ಟಾಗ ಮಾತ್ರ ಕಾಣುತ್ತದೆ, ನನಗೆ ಆ ಎರಡು ಹಾಳೆಗಳು ಕಂಡ ಹಾಗೆ.

ಸಂಶೋಧಕರು ಮಾಡಿದ್ದೂ ಇದನ್ನೇ. ಅಮೆರಿಕದ ಶೆಲ್ಲಿ ಕೊರೆಲ್, ಸ್ಟೀಫನ್ ಬೆನಾರ್ಡ್ ಮತ್ತು ಇನ್ ಪೈಕ್ ಎಂಬ ಮೂವರು ಸಮಾಜಶಾಸ್ತ್ರಜ್ಞರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಎಲ್ಲರೂ ಹೆಸರು ಹೇಳುವಂಥದ್ದು. ಅವರು ಎರಡು ಕಾಲ್ಪನಿಕ ರೆಸ್ಯೂಮೆ ತಯಾರಿಸಿದರು. ಓದು, ಅನುಭವ, ಸಾಧನೆ ಎಲ್ಲವೂ ಸಮಸಮ. ಒಂದರಲ್ಲಿ ಮಾತ್ರ ಈಕೆ ಮಕ್ಕಳ ಶಾಲೆಯ ಪೋಷಕರ ಸಂಘದಲ್ಲಿದ್ದಾರೆ ಅನ್ನುವಂಥ ಒಂದು ಸಾಲು ಇರುತ್ತಿತ್ತು. ತಾಯಿ ಅಂತ ತಿಳಿಯಲು ಅಷ್ಟು ಸಾಕಲ್ವಾ. ಇಂಥ 1,276 ಅರ್ಜಿಗಳನ್ನು ನಿಜವಾಗಿಯೂ ಕೆಲಸ ಖಾಲಿ ಇದ್ದ 638 ಕಡೆಗೆ, ಒಂದೊಂದು ಕಡೆಗೆ ಎರಡೆರಡರಂತೆ ಕಳಿಸಿದರು. ತಾಯಂದಿರಿಗೆ ಬಂದದ್ದಕ್ಕಿಂತ ಎರಡು ಪಟ್ಟಿಗೂ ಸ್ವಲ್ಪ ಜಾಸ್ತಿ ಸಲ ಮಾಲೀಕರಿಂದ ಕರೆ ಮಕ್ಕಳಿಲ್ಲದ ಮಹಿಳೆಯರಿಗೆ ಬಂತು. ಅರ್ಜಿ ಹಾಕಿದವರು ಗಂಡಸರಾಗಿದ್ದಾಗ ತಂದೆ ಅನ್ನುವ ಕಾರಣಕ್ಕೆ ಕರೆ ಕಡಿಮೆ ಆಗಲಿಲ್ಲ.

ಇದೇ ಅಧ್ಯಯನದ ಇನ್ನೊಂದು ಭಾಗ ನನಗೆ ಇನ್ನೂ ಮುಖ್ಯ ಅನ್ನಿಸುತ್ತದೆ, ಯಾಕೆಂದರೆ ಅದು ಆಯ್ಕೆ ಮಾಡುವವರ ಮನಸ್ಸಿನೊಳಗೆ ಏನು ನಡೆಯುತ್ತದೆ ಅಂತ ತೋರಿಸುತ್ತದೆ. ಒಂದು ವಿಶ್ವವಿದ್ಯಾಲಯದ 192 ವಿದ್ಯಾರ್ಥಿಗಳಿಗೆ ಇಂಥ ಅರ್ಜಿಗಳನ್ನು ಕೊಟ್ಟು ಅಂಕ ಹಾಕಲು ಹೇಳಿದರು. ಮಕ್ಕಳಿಲ್ಲದ ಮಹಿಳೆಯರಲ್ಲಿ ನೂರಕ್ಕೆ 84 ಮಂದಿಯನ್ನು ಕೆಲಸಕ್ಕೆ ತೆಗೆದುಕೊಳ್ಳಬಹುದು ಅಂದರು. ಅಷ್ಟೇ ಅರ್ಹತೆಯ ತಾಯಂದಿರ ವಿಷಯದಲ್ಲಿ ಅದು 47. ತಾಯಂದಿರಿಗೆ ಕೊಡಬಹುದು ಅಂತ ಸೂಚಿಸಿದ ವಾರ್ಷಿಕ ಸಂಬಳ ಸುಮಾರು 11,000 ಡಾಲರ್ ಕಡಿಮೆ. ಒಬ್ಬರು ಎಷ್ಟು ಸಲ ತಡವಾಗಿ ಬಂದರೆ ಸಹಿಸಿಕೊಳ್ಳಬಹುದು ಅಂತ ಕೇಳಿದಾಗ ತಾಯಂದಿರಿಗೆ ಕೊಟ್ಟ ವಿನಾಯಿತಿ ಇನ್ನೂ ಕಡಿಮೆ. ಇದನ್ನು ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಯಾರಿಗೆ ತಡವಾಗುವ ಸಂಭವ ಇದೆ ಅಂತ ನಾವು ಮೊದಲೇ ಅಂದುಕೊಂಡಿರುತ್ತೇವೋ ಅವರ ಮೇಲೇ ನಮ್ಮ ಕಣ್ಣು ಹೆಚ್ಚು. ಬೇರೆಯವರು ಹತ್ತು ನಿಮಿಷ ತಡವಾಗಿ ಬಂದರೆ 'ಟ್ರಾಫಿಕ್', ತಾಯಿ ಬಂದರೆ 'ನೋಡಿ, ನಾನು ಹೇಳಲಿಲ್ವಾ?'

ತಂದೆಯರಿಗೆ ಇದೇ ಪ್ರಯೋಗದಲ್ಲಿ ಸಂಬಳ ಸ್ವಲ್ಪ ಹೆಚ್ಚೇ ಸೂಚಿಸಿದ್ದರು. ಮಗು ಹುಟ್ಟಿದರೆ ಗಂಡಸಿಗೆ ಜವಾಬ್ದಾರಿ ಬಂತು ಅನ್ನುತ್ತೇವೆ, ಹೆಂಗಸಿಗೆ ಜವಾಬ್ದಾರಿ ಹಂಚಿಹೋಯಿತು ಅನ್ನುತ್ತೇವೆ. ಮಗು ಅದೇ, ವಯಸ್ಸೂ ಅದೇ.

ಇದಕ್ಕೆ ಸಂಶೋಧಕರು 'ತಾಯ್ತನದ ದಂಡ' ಅನ್ನುತ್ತಾರೆ. ಹೆಸರು ಕೇಳಲು ಒರಟು, ಆದರೆ ಸರಿಯಾಗಿದೆ.

ಇದರ ಹಿಂದೆ ಏನಿದೆ ಅಂತ ನೋಡೋಣ. ಅರ್ಥಶಾಸ್ತ್ರದಲ್ಲಿ ತಾರತಮ್ಯವನ್ನು ಮುಖ್ಯವಾಗಿ ಎರಡು ಬಗೆಯಲ್ಲಿ ವಿವರಿಸುತ್ತಾರೆ. ಒಂದು ಗ್ಯಾರಿ ಬೆಕರ್ 1957ರಲ್ಲಿ ಹೇಳಿದ್ದು. ಕೆಲವರಿಗೆ ಒಂದು ಗುಂಪಿನವರನ್ನು ಕಂಡರೆ ಆಗುವುದಿಲ್ಲ, ನಷ್ಟವಾದರೂ ಸರಿ, ಅವರನ್ನು ತೆಗೆದುಕೊಳ್ಳುವುದಿಲ್ಲ. ತಾಯಂದಿರ ವಿಷಯಕ್ಕೆ ಇದು ಅಷ್ಟಾಗಿ ಹೊಂದುವುದಿಲ್ಲ. ತಾಯಂದಿರನ್ನು ದ್ವೇಷಿಸುವವರು ಯಾರಿದ್ದಾರೆ? ಎಲ್ಲರಿಗೂ ಗೌರವವೇ. ಎರಡನೆಯದು 1970ರ ದಶಕದ ಆರಂಭದಲ್ಲಿ ಎಡ್ಮಂಡ್ ಫೆಲ್ಪ್ಸ್ ಮತ್ತು ಕೆನೆತ್ ಆರೋ ವಿವರಿಸಿದ್ದು. ಎದುರಿಗಿರುವ ವ್ಯಕ್ತಿ ಹೇಗೆ ಕೆಲಸ ಮಾಡುತ್ತಾರೆ ಅಂತ ಮಾಲೀಕರಿಗೆ ಪೂರ್ತಿ ಗೊತ್ತಾಗುವುದಿಲ್ಲ. ಗೊತ್ತಿಲ್ಲದ ಆ ಜಾಗವನ್ನು ಅವರ ಗುಂಪಿನ ಸರಾಸರಿಯಿಂದ ತುಂಬಿಕೊಳ್ಳುತ್ತಾರೆ. 'ಚಿಕ್ಕ ಮಕ್ಕಳ ತಾಯಂದಿರು ಸಾಮಾನ್ಯವಾಗಿ ರಜೆ ಜಾಸ್ತಿ ಹಾಕುತ್ತಾರೆ, ಈಕೆಗೂ ಚಿಕ್ಕ ಮಗು ಇದೆ, ಹಾಗಾಗಿ ಈಕೆಯೂ ಹಾಕುತ್ತಾರೆ.' ನನ್ನ ಪಕ್ಕದಲ್ಲಿ ಕೂತಿದ್ದವರು ಮಾಡಿದ್ದು ಇದನ್ನೇ. ಅವರು ಕೆಟ್ಟ ಮನುಷ್ಯರಲ್ಲ, ತಮ್ಮ ಲೆಕ್ಕ ಸರಿ ಇದೆ ಅಂತಲೇ ಅಂದುಕೊಂಡಿದ್ದರು.

ಆ ಲೆಕ್ಕವನ್ನು ಬಿಡಿಸಿ ನೋಡಿದರೆ ಅದು ಎಲ್ಲಿ ಮುರಿಯುತ್ತದೆ ಅಂತ ಕಾಣುತ್ತದೆ. ಎದುರಿಗೆ ಕೂತಿರುವುದು ಸರಾಸರಿಯಲ್ಲ, ಒಬ್ಬ ಮನುಷ್ಯಳು. ಆಕೆಯ ಹಿಂದಿನ ಐದು ವರ್ಷದ ಕೆಲಸದ ದಾಖಲೆ ಮೇಜಿನ ಮೇಲೇ ಇದೆ. ಅದನ್ನು ಪಕ್ಕಕ್ಕಿಟ್ಟು, ಆಕೆ ನೋಡೇ ಇರದ ಯಾರೋ ತಾಯಂದಿರ ರಜೆಯನ್ನು ಈಕೆಯ ಖಾತೆಗೆ ಬರೆಯುವುದು ಹೇಗೆ ಸರಿ? ಇನ್ನೊಂದು ವಿಚಾರ, ಸರಾಸರಿಯ ಲೆಕ್ಕವೇ ಬೇಕು ಅಂದರೆ ಎಲ್ಲರಿಗೂ ಹಾಕಬೇಕು. ಕೆಲವೇ ತಿಂಗಳಲ್ಲಿ ಹೆಚ್ಚು ಸಂಬಳ ಸಿಕ್ಕಿತು ಅಂತ ಬಿಟ್ಟುಹೋಗುವವರಿದ್ದಾರೆ, ಬೇರೆ ಊರಿಗೆ ಹೋಗುವವರಿದ್ದಾರೆ, ಆರೋಗ್ಯ ಕೆಡುವವರಿದ್ದಾರೆ. ಅವರ ಷರಾ ಕಾಲಂನಲ್ಲಿ ಅದನ್ನೆಲ್ಲ ಯಾರೂ ಬರೆಯುವುದಿಲ್ಲ.

ಮತ್ತೆ ಆ ಸರಾಸರಿಯಾದರೂ ಎಲ್ಲಿಂದ ಬಂತು? ಡೆನ್ಮಾರ್ಕಿನ ಅಂಕಿಅಂಶ ಹಿಡಿದು 2019ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನದ ಪ್ರಕಾರ, ಮೊದಲ ಮಗು ಹುಟ್ಟುವವರೆಗೆ ಗಂಡು ಹೆಣ್ಣಿನ ಗಳಿಕೆ ಒಂದೇ ದಾರಿಯಲ್ಲಿ ಸಾಗುತ್ತದೆ, ಮಗು ಹುಟ್ಟಿದ ಮೇಲೆ ತಾಯಿಯದು ಕುಸಿದು ಎಷ್ಟೋ ವರ್ಷದ ನಂತರವೂ ನೂರಕ್ಕೆ ಸುಮಾರು 20ರಷ್ಟು ಹಿಂದೆಯೇ ಉಳಿಯುತ್ತದೆ, ತಂದೆಯದರಲ್ಲಿ ಅಂಥ ಬದಲಾವಣೆ ಏನೂ ಇಲ್ಲ. ಇದಕ್ಕೆ ಕಾರಣ ಹಲವು. ತಾವೇ ಬೇಕು ಅಂತ ಕಡಿಮೆ ಹೊತ್ತು ಕೆಲಸ ಮಾಡುವವರಿದ್ದಾರೆ, ಮನೆಯ ಕೆಲಸ ಹಂಚಿಕೆಯಾಗದೆ ಹಾಗೆ ಮಾಡಬೇಕಾಗಿ ಬರುವವರಿದ್ದಾರೆ. ಎಲ್ಲವನ್ನೂ ಮಾಲೀಕರ ತಲೆಗೆ ಕಟ್ಟುವುದು ತಪ್ಪು. ಆದರೆ ಒಂದು ಸುಳಿ ಇದೆ. ತಾಯಿಗೆ ಒಳ್ಳೆಯ ಕೆಲಸ ಸಿಗುವುದಿಲ್ಲ, ಸಿಕ್ಕಿದ್ದಕ್ಕೆ ಸಂಬಳ ಕಡಿಮೆ. ಮಗುವಿಗೆ ಜ್ವರ ಬಂದ ದಿನ ಮನೆಯಲ್ಲಿ ಇಬ್ಬರಲ್ಲಿ ಯಾರು ರಜೆ ಹಾಕಬೇಕು ಅಂದಾಗ ಸಂಬಳ ಕಡಿಮೆ ಇರುವವರೇ ಹಾಕುತ್ತಾರೆ. ಆ ರಜೆ ಸರಾಸರಿಗೆ ಸೇರುತ್ತದೆ. ಆ ಸರಾಸರಿ ನೋಡಿ ಮುಂದಿನ ತಾಯಿಯನ್ನು ಬೇಡ ಅನ್ನುತ್ತಾರೆ.

ಹಾಗಾದರೆ ತಾಯಿಯಾದವಳು ತಾನು ಪೂರ್ತಿ ಸಮರ್ಥಳು ಅಂತ ತೋರಿಸಿಕೊಟ್ಟರೆ ಸಾಕಲ್ವಾ? ಅಲ್ಲೂ ಒಂದು ತೊಡಕು. ಮನಶ್ಶಾಸ್ತ್ರಜ್ಞರಾದ ಏಮಿ ಕಡಿ, ಸೂಸನ್ ಫಿಸ್ಕ್ ಮತ್ತು ಪೀಟರ್ ಗ್ಲಿಕ್ 2004ರಲ್ಲಿ ತೋರಿಸಿದ ಪ್ರಕಾರ, ಉದ್ಯೋಗಸ್ಥ ಮಹಿಳೆ ತಾಯಿಯಾದರೆ ಜನರ ಕಣ್ಣಲ್ಲಿ ಆಕೆಯ ಒಳ್ಳೆಯತನ ಏರುತ್ತದೆ, ಸಾಮರ್ಥ್ಯ ಇಳಿಯುತ್ತದೆ. ತಂದೆಯಾದ ಗಂಡಸಿನ ಒಳ್ಳೆಯತನ ಏರುತ್ತದೆ, ಸಾಮರ್ಥ್ಯ ಇದ್ದಲ್ಲೇ ಇರುತ್ತದೆ. ಇನ್ನು ಬೆನಾರ್ಡ್ ಮತ್ತು ಕೊರೆಲ್ 2010ರಲ್ಲಿ ನೋಡಿದ್ದು, ಒಬ್ಬ ತಾಯಿ ಕೆಲಸದಲ್ಲಿ ಬಹಳ ಮುಂದಿದ್ದಾಳೆ ಅಂತ ಅನುಮಾನಕ್ಕೆ ಎಡೆಯೇ ಇಲ್ಲದ ಹಾಗೆ ಸಾಬೀತಾಗಿದ್ದರೆ ಏನಾಗುತ್ತದೆ ಅಂತ. ಸಾಮರ್ಥ್ಯದ ಪ್ರಶ್ನೆ ಹೋಯಿತು. ಅದರ ಜಾಗಕ್ಕೆ 'ಈಕೆ ಅಷ್ಟೊಂದು ಇಷ್ಟವಾಗುವಂಥವರಲ್ಲ, ಸ್ವಲ್ಪ ಒರಟು' ಅನ್ನುವ ಭಾವನೆ ಬಂತು, ಅದೂ ಹೆಚ್ಚಾಗಿ ಹೆಂಗಸರೇ ಅಂಕ ಹಾಕುವಾಗ. ಅಷ್ಟು ಚಿಕ್ಕ ಮಗು ಬಿಟ್ಟು ಹೇಗೆ ಇಷ್ಟೆಲ್ಲ ಮಾಡುತ್ತಾಳೆ ಅನ್ನುವ ಪ್ರಶ್ನೆ ನಾವೆಲ್ಲ ಕೇಳಿದ್ದೇ. ಅತ್ತ ದರಿ, ಇತ್ತ ಪುಲಿ.

ಇದು ತಾಯಿಯಾದವರಿಗೆ ಮಾತ್ರ ತಟ್ಟುವುದೂ ಅಲ್ಲ. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್‌ಲೆಂಡ್‌ಗಳಲ್ಲಿ ಕಾಲ್ಪನಿಕ ಅರ್ಜಿ ಕಳಿಸಿ ನೋಡಿದಾಗ, ಅರೆಕಾಲಿಕ ಕೆಲಸಗಳಿಗೆ ಮದುವೆಯಾಗಿ ಇನ್ನೂ ಮಕ್ಕಳಿಲ್ಲದ ಯುವತಿಯರು ಮಕ್ಕಳು ದೊಡ್ಡವರಾಗಿರುವ ತಾಯಂದಿರಿಗಿಂತ ಹಿಂದೆ ಬಿದ್ದರು. 'ಇನ್ನು ಮೇಲೆ ಆಗಬಹುದು' ಅನ್ನುವ ಲೆಕ್ಕ. ಹುಟ್ಟದ ಮಗುವನ್ನೂ ಷರಾ ಕಾಲಂನಲ್ಲಿ ಬರೆಯುತ್ತಾರೆ ಅಂದ ಹಾಗಾಯಿತು. ಮಗುವಿಗಾಗಿ ಕೆಲಸ ಬಿಟ್ಟು ಮತ್ತೆ ಬರುವವರದು ಇನ್ನೂ ಕಷ್ಟ. ಅಮೆರಿಕದಲ್ಲಿ ಕೇಟ್ ವೈಸ್‌ಹಾರ್ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲಸದಲ್ಲಿರುವ ತಾಯಂದಿರ ನೂರು ಅರ್ಜಿಗೆ ಸುಮಾರು 15 ಕರೆ ಬಂದವು. ಕೆಲಸ ಕಳೆದುಕೊಂಡಿದ್ದೆವು ಎಂದವರಿಗೆ ಸುಮಾರು 10. ಮಕ್ಕಳಿಗಾಗಿ ನಾವೇ ಬಿಟ್ಟೆವು ಎಂದವರಿಗೆ ಸುಮಾರು 5. ಇಲ್ಲಿ ತಂದೆಯರಿಗೂ ಇದೇ ಪಾಡು ಅನ್ನುವುದನ್ನು ಹೇಳಲೇಬೇಕು. ಮಗುವಿಗಾಗಿ ಕೆಲಸ ಬಿಟ್ಟೆ ಎಂದ ಗಂಡಸನ್ನೂ ಮಾಲೀಕರು ಅಷ್ಟೇ ಅನುಮಾನದಿಂದ ನೋಡಿದರು.

ಎಲ್ಲ ಕಡೆಯೂ ಹೀಗೇನಾ? ಅಲ್ಲ. ಸ್ವೀಡನ್‌ನಲ್ಲಿ ಇದೇ ರೀತಿ ಅರ್ಜಿ ಕಳಿಸಿ ನೋಡಿದ ಅಧ್ಯಯನವೊಂದು 2017ರಲ್ಲಿ ಬಂತು. ಅಲ್ಲಿ ತಾಯಿ, ತಂದೆ, ಮಕ್ಕಳಿಲ್ಲದವರು, ಯಾರಿಗೂ ಬಂದ ಕರೆಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಲ್ಲಿ 1974ರಿಂದಲೇ ಮಗುವಿನ ಆರೈಕೆಯ ರಜೆ ಅಪ್ಪ ಅಮ್ಮ ಇಬ್ಬರಿಗೂ ಸೇರಿದ್ದು. ಈಗ ಒಂದು ಮಗುವಿಗೆ ಒಟ್ಟು 480 ದಿನ, ಅದರಲ್ಲಿ 90 ದಿನ ತಂದೆಗೇ ಮೀಸಲು, 90 ದಿನ ತಾಯಿಗೆ. ಹಣ ಬರುವುದು ಸಾಮಾಜಿಕ ವಿಮೆಯಿಂದ. ವ್ಯತ್ಯಾಸ ಕಾಣದೆ ಇದ್ದದ್ದಕ್ಕೆ ಇದೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ ಎದುರಿಗೆ ಕೂತ ಗಂಡಸೂ ರಜೆ ಹಾಕಬಹುದು ಅಂತಾದಾಗ, ಹೆಂಗಸನ್ನು ಬಿಟ್ಟು ಗಂಡಸನ್ನು ಆರಿಸಿ ತಪ್ಪಿಸಿಕೊಳ್ಳುವ ದಾರಿ ಕಿರಿದಾಗುತ್ತದೆ ಅಲ್ವಾ?

ಖರ್ಚು ಯಾರ ತಲೆಗೆ ಅನ್ನುವುದು ನಿಜವಾಗಿಯೂ ದೊಡ್ಡ ವಿಷಯ. ಒಳ್ಳೆಯ ಉದ್ದೇಶದ ಕಾನೂನೇ ಉಲ್ಟಾ ಹೊಡೆಯುವುದು ಇಲ್ಲಿ. ಚಿಲಿ ದೇಶದಲ್ಲಿ 20 ಅಥವಾ ಅದಕ್ಕಿಂತ ಹೆಚ್ಚು ಮಹಿಳಾ ನೌಕರರಿರುವ ಕಡೆ ಮಾಲೀಕರೇ ಶಿಶುಪಾಲನೆಯ ಖರ್ಚು ನೋಡಿಕೊಳ್ಳಬೇಕು. ಲೆಕ್ಕಕ್ಕೆ ಬರುವುದು ಹೆಂಗಸರ ಸಂಖ್ಯೆ ಮಾತ್ರ. ಹಾಗಾಗಿ 19 ಮಹಿಳೆಯರಿರುವ ಮಾಲೀಕನಿಗೆ ಇಪ್ಪತ್ತನೆಯವಳು ಬರೀ ನೌಕರಳಲ್ಲ, ಒಂದು ಹೊಸ ಖರ್ಚು. ಇದನ್ನು ಅಧ್ಯಯನ ಮಾಡಿದವರಿಗೆ ಕಂಡದ್ದು, ಅಂಥ ಕಡೆ ಹೊಸದಾಗಿ ಸೇರುವ ಮಹಿಳೆಯರ ಆರಂಭದ ಸಂಬಳವೇ ಇಳಿದಿದೆ. ಭಾರತದಲ್ಲಿ 2017ರ ತಿದ್ದುಪಡಿ ಹೆರಿಗೆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿತು. ಶಿಶುಪಾಲನಾ ಕೇಂದ್ರದ ನಿಯಮಕ್ಕೆ ಗಂಡು ಹೆಣ್ಣು ಅನ್ನದೆ ಒಟ್ಟು 50 ನೌಕರರು ಅಂತ ಇಟ್ಟದ್ದು ಬುದ್ಧಿವಂತಿಕೆ. ಆದರೆ ಇಎಸ್‌ಐ ಅಂದರೆ ನೌಕರರ ರಾಜ್ಯ ವಿಮೆಯ ವ್ಯಾಪ್ತಿಯಲ್ಲಿ ಇಲ್ಲದವರ ರಜೆಯ ಸಂಬಳ ಪೂರ್ತಿ ಮಾಲೀಕರ ಮೇಲೇ ಬಿತ್ತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2000ದಲ್ಲಿ ಮಾಡಿದ 183ನೇ ಒಪ್ಪಂದ ಈ ಬಗ್ಗೆ ಮೊದಲೇ ಎಚ್ಚರಿಸಿದೆ. ಕನಿಷ್ಠ 14 ವಾರ ರಜೆ ಇರಲಿ, ಆದರೆ ಅದರ ಹಣ ಸಾಮಾಜಿಕ ವಿಮೆಯಿಂದಲೋ ಸಾರ್ವಜನಿಕ ನಿಧಿಯಿಂದಲೋ ಬರಲಿ, ಸಾಮಾನ್ಯವಾಗಿ ಒಬ್ಬೊಬ್ಬ ಮಾಲೀಕರ ಮೇಲೆ ನೇರವಾಗಿ ಹೊರಿಸುವುದು ಬೇಡ ಅನ್ನುತ್ತದೆ. ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಳ್ಳದೇ ಇರಲು ಅದೇ ಒಂದು ನೆಪ ಆಗದಿರಲಿ ಅಂತ.

ಇನ್ನು ಕೋರ್ಟು. ಇಲ್ಲಿ ಐಡಾ ಫಿಲಿಪ್ಸ್ ಹೆಸರು ಹೇಳದೆ ಮುಂದೆ ಹೋಗಲಾರೆ. ಅಮೆರಿಕದ ಫ್ಲಾರಿಡಾದಲ್ಲಿ ಏಳು ಮಕ್ಕಳ ತಾಯಿ. 1966ರಲ್ಲಿ ಮಾರ್ಟಿನ್ ಮರಿಯೆಟ್ಟಾ ಎಂಬ ಕಂಪನಿಯಲ್ಲಿ ಬಿಡಿಭಾಗ ಜೋಡಿಸುವ ಕೆಲಸದ ತರಬೇತಿಗೆ ಅರ್ಜಿ ಹಾಕಲು ಹೋದರು. ಶಾಲೆಗೆ ಹೋಗುವ ವಯಸ್ಸಾಗದ ಮಗು ಇರುವ ಹೆಂಗಸರ ಅರ್ಜಿ ತೆಗೆದುಕೊಳ್ಳುವುದಿಲ್ಲ ಅಂತ ಮುಖಕ್ಕೇ ಹೇಳಿದರು. ಅಷ್ಟೇ ಚಿಕ್ಕ ಮಗುವಿನ ಅಪ್ಪಂದಿರನ್ನು ಅದೇ ಕಂಪನಿ ತೆಗೆದುಕೊಳ್ಳುತ್ತಿತ್ತು. ಕಂಪನಿಯ ವಾದ ಕೇಳಿ. ನಾವು ಹೆಂಗಸರ ವಿರುದ್ಧ ಇಲ್ಲವೇ ಇಲ್ಲ, ಈ ಕೆಲಸಕ್ಕೆ ಸೇರಿದವರಲ್ಲಿ ನೂರಕ್ಕೆ 75ರಿಂದ 80 ಮಂದಿ ಹೆಂಗಸರೇ. ಆ ಅಂಕಿ ನಿಜವೇ. ಕೆಳಗಿನ ಕೋರ್ಟುಗಳು ಅದನ್ನು ಒಪ್ಪಿಯೂಬಿಟ್ಟವು. ಆದರೆ ಸುಪ್ರೀಂ ಕೋರ್ಟ್ 1971ರ ಜನವರಿಯಲ್ಲಿ, ಹೆಂಗಸರಿಗೊಂದು ನಿಯಮ ಗಂಡಸರಿಗೊಂದು ನಿಯಮ ಇಡುವುದು 1964ರ ನಾಗರಿಕ ಹಕ್ಕುಗಳ ಕಾಯ್ದೆಗೆ ವಿರುದ್ಧ ಅಂದಿತು. ಎಷ್ಟು ಹೆಂಗಸರಿದ್ದಾರೆ ಅಂತ ಎಣಿಸಿದರೆ ಸಾಲದು, ಚಿಕ್ಕ ಮಗುವಿನ ತಾಯಿಯನ್ನು ಚಿಕ್ಕ ಮಗುವಿನ ತಂದೆಯ ಪಕ್ಕ ನಿಲ್ಲಿಸಿ ನೋಡಬೇಕು ಅನ್ನುವುದು ಅಲ್ಲಿಂದ ಬಂತು. ಆ ತೀರ್ಪಿನಲ್ಲೂ ಒಂದು ಬಾಗಿಲು ತೆರೆದೇ ಇತ್ತು. ಮನೆಯ ಜವಾಬ್ದಾರಿ ಗಂಡಸಿಗಿಂತ ಹೆಂಗಸಿನ ಕೆಲಸಕ್ಕೆ ಹೆಚ್ಚು ಅಡ್ಡಿ ಅಂತ ಕಂಪನಿ ತೋರಿಸಿಕೊಟ್ಟರೆ ಆಗ ಬೇರೆ ಮಾತು ಅಂತ. ನ್ಯಾಯಮೂರ್ತಿ ತರ್ಗುಡ್ ಮಾರ್ಷಲ್ ಅದನ್ನು ಒಪ್ಪದೆ ಪ್ರತ್ಯೇಕವಾಗಿ ಬರೆದರು. ಅಪ್ಪ ಅಮ್ಮ ಇಬ್ಬರಿಗೂ ಒಂದೇ ಅಳತೆ ಇಡಿ ಅಂದರು. ನನಗೆ ಅವರ ಮಾತೇ ಸರಿ ಅನ್ನಿಸುತ್ತದೆ.

ಈಗ ಯಾರೂ ಹಾಗೆ ಮುಖಕ್ಕೆ ಹೇಳುವುದಿಲ್ಲ, ಅದೇ ಕಷ್ಟ. ನೀವು ಕೆಲಸ ಹುಡುಕುತ್ತಿರುವ ತಾಯಿಯಾಗಿದ್ದರೆ, ಮಗುವಿನ ವಿಷಯ ರೆಸ್ಯೂಮೆಯಲ್ಲಿ ಬರೆಯಬೇಕಾದ ಅಗತ್ಯ ಇಲ್ಲ. ಅದು ಮುಚ್ಚಿಡುವುದೂ ಅಲ್ಲ, ಕೆಲಸಕ್ಕೆ ಸಂಬಂಧ ಇಲ್ಲದ್ದು ಅಷ್ಟೆ. "ಮಗು ಯಾರು ನೋಡ್ಕೋತಾರೆ?" ಅಂತ ಕೇಳಿದರೆ ಮನೆಯ ಕಥೆ ಬಿಚ್ಚಬೇಡಿ. "ಈ ಕೆಲಸಕ್ಕೆ ಯಾವ ಹೊತ್ತಲ್ಲಿ ಇರಬೇಕು, ತಿಂಗಳಿಗೆ ಎಷ್ಟು ದಿನ ಊರು ಬಿಡಬೇಕು ಹೇಳಿ, ಅದು ನನಗೆ ಆಗುತ್ತದೆಯಾ ಅಂತ ಹೇಳುತ್ತೇನೆ" ಅಂದರೆ ಮಾತು ಕೆಲಸಕ್ಕೆ ವಾಪಸ್ ಬರುತ್ತದೆ. ಆ ದಿನವೇ ಮನೆಗೆ ಬಂದು ಯಾರು ಏನು ಕೇಳಿದರು ಅಂತ ಅವರದೇ ಮಾತಲ್ಲಿ, ದಿನಾಂಕ ಹಾಕಿ ಬರೆದಿಡಿ. ಒಂದು ವಾರ ಕಳೆದರೆ ನಮಗೇ 'ಹಾಗೆ ಕೇಳಿದ್ರಾ, ಇಲ್ವಾ' ಅನ್ನಿಸಲು ಶುರುವಾಗುತ್ತದೆ. ನಿಮ್ಮ ಜೊತೆ ಇಂಟರ್‌ವ್ಯೂ ಕೊಟ್ಟ ಗಂಡಸರ ಪರಿಚಯ ಇದ್ದರೆ ಅವರಿಗೂ ಅದೇ ಪ್ರಶ್ನೆ ಬಂತಾ ಅಂತ ಕೇಳಿ. ದೂರು ಕೊಡುವುದು ಬಿಡುವುದು ಆಮೇಲಿನ ಮಾತು, ಹೋಲಿಕೆ ಇಲ್ಲದೆ ದೂರು ನಿಲ್ಲುವುದು ಕಷ್ಟ.

ಆಯ್ಕೆ ಮಾಡುವ ಕಡೆ ಇರುವವರಿಗೆ ನಾನು ಹೇಳುವುದು ನಾನೇ ಮಾಡಿಕೊಂಡ ಬದಲಾವಣೆ. ಈಗ ನಾನಿರುವ ಇಂಟರ್‌ವ್ಯೂಗಳಲ್ಲಿ ಪ್ರಶ್ನೆಗಳನ್ನು ಮೊದಲೇ ಬರೆದುಕೊಳ್ಳುತ್ತೇವೆ, ಎಲ್ಲರಿಗೂ ಅವೇ ಪ್ರಶ್ನೆ, ಅದೇ ಕ್ರಮ. ಊರು ಬಿಟ್ಟು ಹೋಗಬೇಕಾದ ಕೆಲಸವಾದರೆ "ತಿಂಗಳಿಗೆ ನಾಲ್ಕು ದಿನ ಹೊರಗೆ ಹೋಗಲು ಆಗುತ್ತದೆಯೇ?" ಅಂತ ಮದುವೆಯಾಗದ ಹುಡುಗನನ್ನೂ ಕೇಳುತ್ತೇವೆ. ಅಂಕ ಹಾಕಿದ ಮೇಲೇ ಚರ್ಚೆ. ಷರಾ ಕಾಲಂ ಇನ್ನೂ ಇದೆ, ಆದರೆ ಅದರಲ್ಲಿ ಬರೆದದ್ದನ್ನು ಉಳಿದ ಇಬ್ಬರ ಮುಂದೆ ಜೋರಾಗಿ ಓದಬೇಕು. ಮೊನ್ನೆ ಒಬ್ಬರು ಪೆನ್ನು ಎತ್ತಿ, ಅರ್ಧ ಪದ ಬರೆದು, ಸ್ವಲ್ಪ ಯೋಚಿಸಿ ಅದನ್ನು ಹೊಡೆದುಹಾಕಿದರು.